ರಾಗಿ ರೊಟ್ಟಿ ಪ್ರೊಫೆಸರು

ಬಿಳೀ ಜೋಳದ ರೊಟ್ಟಿ ಕೈಯಾಗ ಹಿಡಿದು, ಬೆಳಕಿಗೆ ಎತ್ತಿ ನೋಡಿ, "ಈ ರಾಗಿ ರೊಟ್ಟಿ ಬಹಳ ಚೆನ್ನಾಗಿದೆ" ಅನ್ನುತ್ತಿದ್ದರು ಪಂಚಾಕ್ಷರಯ್ಯ ಪ್ರೊಫೆಸರು. ಮೊದಲ ಸಲ ನಾನು, "ಜ್ವಾಳದ್ದು ರೀ ಅದು. ಕಣ್ಣು ಮಬ್ಬಾಗ್ಯಾವೇನು?" ಅಂದುಬಿಟ್ಟೆ. ಅವರು ನಕ್ಕು ತುಟಿ ಮೇಲೆ ಬೆರಳಿಟ್ಟರು.

ಬ್ರಿಟಿಷರ ಕಾಲ. ಹೊಸಪೇಟೆ ಸ್ಟೇಷನ್ ಹತ್ತಿರ ನನ್ನ ಖಾನಾವಳಿ. ಅವರು ತುಮಕೂರು ಕಡೆಯವರು, ಮದ್ರಾಸಿನಲ್ಲಿ ಕಲ್ಲು-ಮಣ್ಣಿನ ಶಾಸ್ತ್ರ ಕಲಿಸುವ ವಿಭಾಗಕ್ಕೆ ಯಜಮಾನರು. ಅಲ್ಲಿ ಲೆಕ್ಚರರ್ ಜಾಗ ಖಾಲಿ ಆದಾಗೆಲ್ಲ, ಅರ್ಜಿ ಹಾಕಿದ ಹುಡುಗರನ್ನು ಸಂಡೂರು ಗುಡ್ಡಕ್ಕೆ ಕರೆತರುತ್ತಿದ್ದರು. ಬಿಸಿಲಿನಲ್ಲಿ ಹತ್ತಿಸಿ, ಕಲ್ಲು ಒಡೆಸಿ, ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳೋರು. ಅದೆಲ್ಲ ತೋರಿಕೆಗೆ. ಖರೆ ಪರೀಕ್ಷೆ ನನ್ನ ಪಂಕ್ತಿಯಲ್ಲಿ. ರಾಗಿ ಅಂದಾಗ ಹೂಂ ಅಂದವನಿಗೆ ನೌಕರಿ.

"ಓದಿದವರು ಬೇಕಾದಷ್ಟು ಸಿಗ್ತಾರಮ್ಮ. ಎದುರು ಮಾತಾಡದವರು ಸಿಗೋದು ಕಷ್ಟ" ಅಂತ ನನಗೆ ಹೇಳಿದ್ದರು.

ಎಂಥೆಂಥ ಪಂಡಿತರು ಬಂದರು! ಗೋದಾವರಿ ಕಡೆಯವನೊಬ್ಬ, "ಅದಕ್ಕೇ ಈ ಘಮ ಸಾರ್" ಅಂದ. ಇನ್ನೊಬ್ಬ ರಾಗಿ ತಿಂದೇ ಬೆಳೆದವ. ಅವನೂ, "ನಮ್ಮ ರಾಗಿ ಇಷ್ಟು ಬೆಳ್ಳಗಿರಲ್ಲ ಸಾರ್, ಇಲ್ಲಿನ ನೀರಿನ ಗುಣ" ಅಂದ. ಇಬ್ಬರೂ ಲೆಕ್ಚರರಾದರು.

ಮನುಷ್ಯ ಕೆಟ್ಟವರಲ್ಲ. ನನ್ನ ಮೊಣಕಾಲಿಗೆ ಮದ್ರಾಸಿನಿಂದ ಎಣ್ಣೆ ತರೋರು. ನಾನು ಬೈದರೆ ನಗೋರು. ಅವರನ್ನು ಬೈಯೋಳು ನಾನೊಬ್ಬಳೇ ಇದ್ದೆ ಅಂತ ಕಾಣತದ.

ಒಂದು ವರ್ಷ ನನ್ನ ಅಕ್ಕನ ಮಗ ಬಸವರಾಜನೇ ಅರ್ಜಿ ಹಾಕಿದ. ಪಾಪಿನಾಯಕನಹಳ್ಳಿಯ ಒಕ್ಕಲುತನದ ಮನಿ ಹುಡುಗ, ಮದ್ರಾಸಿನಲ್ಲಿ ಅದೇ ಶಾಸ್ತ್ರ ಓದಿ ಎಲ್ಲರಿಗಿಂತ ಮೇಲೆ ಪಾಸಾಗಿದ್ದ. ಅಡಿಗೆಮನಿಗೆ ಎಳಕೊಂಡು ಹೋಗಿ ಹೇಳಿದೆ:

"ಅವ್ರು ರಾಗಿ ಅಂತಾರ. ಹೂಂ ಅನ್ನು. ನಿನಗ ನೌಕರಿ ಬೇಕೋ, ಜ್ವಾಳ ಬೇಕೋ?"

"ನೌಕರಿ ಬೇಕು ಚಿಗವ್ವ."

"ಹಂಗಾರ ಬಾಯಿ ಮುಚ್ಕೊಂಡು ಉಣ್ಣು."

ಪಂಕ್ತಿಯಲ್ಲಿ ರಾಗಿಯ ಮಾತು ಬಂತು. ಪಂಕ್ತಿಯೆಲ್ಲ ಹೌದು ಹೌದು ಅಂತು. ಬಸವರಾಜ ರೊಟ್ಟಿ ನೋಡಿದ, ನನ್ನ ಮುಖ ನೋಡಿದ. ಆ ಜೋಳ ಅವರ ಹೊಲದ್ದೇ, ಅಕ್ಕ ಕಳಿಸಿದ್ದು.

"ಜ್ವಾಳ ಸರ್. ನಮ್ಮವ್ವ ಕೊಯ್ದದ್ದು" ಅಂದ.

"ಹೌದೇ? ಒಳ್ಳೆಯದು" ಅಂದರು ಪ್ರೊಫೆಸರು, ಭಾಳ ಮೃದುವಾಗಿ. ನೌಕರಿ ಪಕ್ಕದ ಎಲೆಯವನಿಗೆ ಹೋಯಿತು. ಬಸವರಾಜ ಕಂಪ್ಲಿಯಲ್ಲಿ ಸಾಲಿ ಮಾಸ್ತರನಾದ. ನಾನು ಸರಿಯಾಗಿ ಬುದ್ಧಿ ಹೇಳಲಿಲ್ಲ ಅಂತ ಅಕ್ಕ ನನ್ನ ಜೋಡಿ ಮಾತೇ ಬಿಟ್ಟಳು.

ಪ್ರೊಫೆಸರು ಕಡೀ ಸಲ ಬಂದಾಗ ಅವರ ಲೆಕ್ಚರರುಗಳೆಲ್ಲ ಜೊತೆಗಿದ್ದರು. ಸಂಡೂರಿನಲ್ಲಿ ಸಿಕ್ಕ ಒಂದು ಕಪ್ಪು ಕಲ್ಲನ್ನು ಎಲೆ ಪಕ್ಕಕ್ಕೆ ಇಟ್ಟುಕೊಂಡು ಕುಂತರು. ಇಂಥ ಕಲ್ಲು ಜಗತ್ತಿನಲ್ಲೇ ಯಾರೂ ಕಂಡಿಲ್ಲ ಅಂತ ವಿಲಾಯತಿಗೆ ಬರೆಯಬೇಕು ಅಂತಿದ್ದರು.

"ಇದು ಹೊಸದೇ ಏನ್ರಯ್ಯ?"

"ಹೌದು ಸಾರ್."

"ಸರಿಯಾಗಿ ನೋಡಿ ಹೇಳಿ. ಹಳೇದಾದ್ರೆ ವಿಲಾಯತಿಯವರ ಮುಂದೆ ನನ್ನ ಮಾನ ಹೋಗುತ್ತೆ."

"ಹೊಸದೇ ಸಾರ್" ಅಂದ ಗೋದಾವರಿಯವ, ಸಾರು ಕಲಸುತ್ತ, ಕಲ್ಲಿನ ಕಡೆ ತಿರುಗದೆ.

ಅವರು ಎಲೆ ಸರಿಸಿದರು. ನನ್ನ ಕಡೆ ನೋಡಿ, "ಆ ಜ್ವಾಳದ ಹುಡುಗ ಎಲ್ಲಿದ್ದಾನಮ್ಮ?" ಅಂದರು.

"ಕಂಪ್ಲಿಯಾಗ. ಕರೆಸ್ಲೇನು? ಅವ ಖರೇನ ಹೇಳ್ತಾನ್ರಿ. ತಡ್ಕೊಂತೀರಾ?"

ಸರಿಸಿದ ಎಲೆಯನ್ನು ತಿರುಗಿ ಹತ್ತಿರ ಎಳಕೊಂಡರು. ಆಮೇಲೆ "ಬೇಡಮ್ಮ" ಅಂದು ರೊಟ್ಟಿ ಮುರಿದು, "ಈ ಜೋಳದ ರೊಟ್ಟಿ ಚೆನ್ನಾಗಿದೆ" ಅಂದರು.

ಪಂಕ್ತಿ ಒಂದು ಗಳಿಗೆ ಗಡಬಡಿಸಿತು. "ಹೌದು ಸಾರ್, ಜೋಳ" ಅಂದರು ಎಲ್ಲರೂ.

ಕಲ್ಲು ಅಲ್ಲೇ ಬಿಟ್ಟು ರೈಲು ಹತ್ತಿದರು. ವಿಲಾಯತಿಗೆ ಏನೂ ಬರೆಯಲಿಲ್ಲವಂತೆ. ಮರುವರ್ಷ ತೀರಿಕೊಂಡ ಸುದ್ದಿ ಬಂತು. ಕಲ್ಲನ್ನು ನಾನು ಉಪ್ಪಿನಕಾಯಿ ಜಾಡಿಯ ಮುಚ್ಚಳಕ್ಕೆ ಭಾರ ಇಟ್ಟಿದ್ದೆ.

ಬಸವರಾಜ ಒಮ್ಮೆ ಉಣ್ಣಾಕ ಬಂದವ ಅದನ್ನು ಕಂಡ. ಕಂಪ್ಲಿಗೆ ಒಯ್ದು, ಒಂದು ಚೂರು ಒಡೆದು ಅರೆದು, ಕಾಸಿ, ಪುಸ್ತಕ ತಿರುವಿ, ತಿರುಗಿ ತಂದು ಕೊಟ್ಟ.

"ಏನಂತದೋ ಕಲ್ಲು? ಹಳೇದೇನು?"

"ಇಲ್ಲ ಚಿಗವ್ವ. ಹೊಸದ. ಪ್ರೊಫೆಸರು ಅಂದದ್ದು ಖರೇನ ಇತ್ತು" ಅಂದ.