ಬಂಡಿ ಸಾಲು ನೋಡಿ ದರ ಹೇಳಿದ್ದು

ಮೊಮ್ಮಗಳು ಬರುತ್ತಾಳೆಂದು ಮೊನ್ನೆ ಹಳೆಯ ಗಾದಿ ಬಿಚ್ಚಿಸಿ ಹತ್ತಿ ಹಿಂಜಿಸಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಹೊಟ್ಟೆಕಿಚ್ಚು ಮತ್ತೆ ಹೊತ್ತಿಕೊಂಡಿತು. ನಗಬೇಡಿ. ನನಗೆ ವಯಸ್ಸಾಗಿದೆ, ಅದಕ್ಕಿನ್ನೂ ಹಲ್ಲು ಗಟ್ಟಿ.

ನಮ್ಮ ಯಳವತ್ತಿಯ ಕಲ್ಲಪ್ಪ ನನ್ನ ಸರೀಕ. ಇಬ್ಬರದೂ ಎರಡನೆಯ ಇಯತ್ತೆಯ ಓದು. ಹತ್ತಿ ಮಾರಲು ಗದಗಿಗೆ ಹೋದಾಗ ನಾನು ಮಿರ್ಚಿ ತಿನ್ನುತ್ತ ಕೂತರೆ, ಅವನು ಹೋಟೆಲಿನ ರೇಡಿಯೊ ಕೆಳಗೆ ನಿಲ್ಲುತ್ತಿದ್ದ. ಅಡತಿ ಅಂಗಡಿಯಲ್ಲಿ ದಲಾಲರು ಟವೆಲ್ ಮುಚ್ಚಿ, ಒಬ್ಬರ ಬೆರಳನ್ನೊಬ್ಬರು ಹಿಡಿದು ಗುಟ್ಟಾಗಿ ದರ ಕುದುರಿಸುವಾಗ ಅವರ ಮುಖ ನೋಡುತ್ತಿದ್ದ. ಊರಿಗೆ ಬಂದು, "ಅಮೇರಿಕಾದಾಗ ಹತ್ತಿ ರಗಡ ಬಂದೈತಂತ. ನಮ್ಮ ದರ ಇಳಿತೈತಿ, ಜಲ್ದಿ ಮಾರ್ರಿ" ಎನ್ನುತ್ತಿದ್ದ. ಹಾಳಾದ್ದು, ಇಳಿಯುತ್ತಿತ್ತು! ಚಾವಡಿಯಲ್ಲಿ ಚಹಾ ಮೊದಲು ಅವನಿಗೆ.

ನಾವು ಮುಂಬಯಿ ಬಿಟ್ಟು ಕನ್ನಡ ರಾಜ್ಯಕ್ಕೆ ಸೇರಿದ ವರ್ಷ, ಈ ಭಾಗದಲ್ಲಿ ಹತ್ತಿ ಹೆಚ್ಚಿಸಬೇಕೋ ಜೋಳವೋ ಎಂದು ಕೇಳಲು ಹೊಸ ಸರಕಾರದ ಸಾಹೇಬರು ಚಾವಡಿಗೆ ಬಂದರು. ಜನ ಕಲ್ಲಪ್ಪನ ಕಡೆ ತಿರುಗುವ ಮೊದಲೇ ನಾನು ಎದ್ದು ನಿಂತೆ.

"ಹತ್ತೀನ ಬಿತ್ತಸ್ರಿ ಸಾಹೇಬ್ರ. ದರ ಏರತೈತಿ. ನಿನ್ನಿ ಗದಗಿನ್ಯಾಗ ನಾನ ನೋಡೇನಿ, ಹತ್ತಿ ಬಂಡಿ ಸಾಲು ಸ್ಟೇಶನ್ ತನಾ ನಿಂತೈತಿ!"

"ಲೇ, ಅವು ಮಾರಾಕ ಬಂದ ಬಂಡಿ," ಎಂದ ಕಲ್ಲಪ್ಪ. "ಕೊಳ್ಳಾವ್ರು ಎಷ್ಟ ಮಂದಿ ಇದ್ರು, ಅದನ್ ಹೇಳು."

ಚಾವಡಿಗೆ ಚಾವಡಿಯೇ ನಕ್ಕಿತು.

ಮುಂದೆ ಅವನ ಮಗಳೇ ನನ್ನ ಸೊಸೆಯಾಗಿ ಬಂದಳು. ಆಕೆಯ ಮಗಳು ಈಗ ಸರಕಾರದ ಕಚೇರಿಯಲ್ಲಿ ಕೂತು, ಯಾವ ದೇಶದಲ್ಲಿ ಏನು ಬೆಳೆಯಿತು, ಯಾವುದರ ದರ ಎತ್ತ ಹೊರಳುತ್ತದೆ ಎಂದು ಮೊದಲೇ ಅಂದಾಜು ಹೇಳುತ್ತಾಳೆ. ಅದನ್ನು ನೋಡಿ ಮಂತ್ರಿಗಳು ಯೋಜನೆ ಹಾಕುತ್ತಾರಂತೆ. ನನ್ನ ಮೊಮ್ಮಗಳು! ಹಿಗ್ಗಿಗೆ ಅಂಗಿಯ ಗುಂಡಿ ಕಿತ್ತುಹೋಗುವುದೊಂದು ಬಾಕಿ. ಆದರೆ ಊರವರು, "ಕಲ್ಲಪ್ಪಜ್ಜನ ತಲಿ ಬಂದೈತಿ" ಎನ್ನುತ್ತಾರೆ. ಅದನ್ನು ಕೇಳಿದ ದಿನ ಚಾವಡಿಯ ಚಹಾ ಅರ್ಧಕ್ಕೇ ಬಿಟ್ಟು ಮನೆಗೆ ಬರುತ್ತೇನೆ.

ನಿನ್ನೆ ಅವಳು ಬಂದಳು. ಹೊಸದಾಗಿ ಹೊಲಿಸಿದ ಗಾದಿಯ ಮೇಲೆ ಕಲ್ಲಪ್ಪನೂ ಕೂತಿದ್ದ. ತಡೆಯಲಾರದೆ ಕೇಳಿಬಿಟ್ಟೆ: "ಖರೇ ಹೇಳವ್ವಾ, ನೀ ಯಾರಂಗ?"

"ಅಜ್ಜಾ, ಕಚೇರಿಗೆ ಹೊಸಬರು ಬಂದ್ರ ಮೊದಲ ನಿನ್ನ ಬಂಡಿ ಸಾಲಿನ ಕಥಿ ಹೇಳತೀನಿ. ನಕ್ಕೋತ ಕಲೀತಾರ, ಯಾರೂ ಮರಿಯೂದಿಲ್ಲ."

"ಮತ್ತ ನಾನು?" ಎಂದ ಕಲ್ಲಪ್ಪ.

"ನೀನೂ ಬರ್ತೀ, ಕಥಿ ಕಡೀಕ."

ಅವನ ಮುಖ ಹುಳಿ ತಿಂದಂತಾಯಿತು. ಇಷ್ಟು ವರ್ಷ ನನ್ನ ಹೊಟ್ಟೆಯಲ್ಲಿದ್ದದ್ದು ಅಲ್ಲಿ ಕೂತಿತ್ತು! ಪಾಪ ಅನ್ನಿಸಿತು. ಹೆಗಲ ಮೇಲಿನ ಟವೆಲ್ಲನ್ನು ಅವನ ಕೈಮೇಲೆ ಹೊದಿಸಿ, ಒಳಗೆ ಅವನ ಒಂದು ಬೆರಳು ಹಿಡಿದೆ: ಅವಳಲ್ಲಿ ನಿನ್ನ ಪಾಲು ಇಷ್ಟು. ಅವನು ಕೊಸರಿಕೊಂಡು ನನ್ನ ಐದೂ ಬೆರಳು ಹಿಡಿದ.

ಸಂಜೆಯವರೆಗೂ ದರ ಕುದುರಲಿಲ್ಲ. ಕೈಯನ್ನೂ ಬಿಡಲಿಲ್ಲ.