ಧಗೆಗೆ ದಾರಿ, ಝಳಕ್ಕೆ ಮರೆ

ಕಳೆದ ವಾರ ಹರಿಹರದ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಮರಳು ಕಾಯಿಸಬೇಕಾಯಿತು. ಕಬ್ಬಿಣದ ತಟ್ಟೆಯಲ್ಲಿ ಎರಡು ಹಿಡಿ ಮರಳು, ಕೆಳಗೆ ಬರ್ನರ್. ವಿದ್ಯಾರ್ಥಿಗಳು ಬರುವ ಮೊದಲು ಎಲ್ಲವನ್ನೂ ಒಮ್ಮೆ ಮಾಡಿ ನೋಡುವುದು ನನ್ನ ರೂಢಿ. ಸ್ವಲ್ಪ ಹೊತ್ತಿಗೆ ವಾಸನೆ ಬಂತು. ಮರಳಿಗೆ ಎಂಥ ವಾಸನೆ ಎಂದು ಕೇಳುವವರಿದ್ದಾರೆ. ಕಾದ ಮರಳಿಗೆ ವಾಸನೆ ಇದೆ. ಅದು ಹೊಗೆಯದಲ್ಲ, ಮಣ್ಣಿನದೂ ಅಲ್ಲ. ಉಪ್ಪು ಸವರಿ ಒಲೆಯ ಮೇಲಿಟ್ಟ ಕಬ್ಬಿಣದಂಥದು... ಬರ್ನರ್ ಆರಿಸಿ ಕಿಟಕಿಯ ಬಳಿ ಹೋಗಿ ನಿಂತೆ. ಆ ದಿನ ಬೇರೆ ಪ್ರಯೋಗ ಮಾಡಿಸಿದೆ.

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಾವಿದ್ದಾಗ ಪಕ್ಕದ ಮನೆಯಲ್ಲಿದ್ದವಳನ್ನು ನಾನು ದೊಡ್ಡಮ್ಮ ಎನ್ನುತ್ತಿದ್ದೆ. ರಕ್ತಸಂಬಂಧವೇನೂ ಇರಲಿಲ್ಲ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಅವಳು ಮಂಡಕ್ಕಿ ಭಟ್ಟಿಗೆ ಕೆಲಸಕ್ಕೆ ಹೋಗುತ್ತಿದ್ದಳು. ದೊಡ್ಡ ಬಾಣಲೆಯ ಕಾದ ಮರಳಿಗೆ ಉಪ್ಪುನೀರು ಸವರಿದ ಅಕ್ಕಿ ಸುರಿದು ಕೈಯಾಡಿಸುವವರು ಬೇರೆ. ದೊಡ್ಡಮ್ಮನದು ಕೆಳಗಿನ ಒಲೆ. ಒಲೆಯ ಬಾಯಿಗೆ ಎದುರಾಗಿ ಕುಳಿತು ಭತ್ತದ ಹೊಟ್ಟು ಊಡುತ್ತ ಉರಿಯನ್ನು ಹದದಲ್ಲಿಡಬೇಕು. ಉರಿ ಕಡಿಮೆಯಾದರೆ ಅಕ್ಕಿ ಅರಳುವುದಿಲ್ಲ, ಹೆಚ್ಚಾದರೆ ಕರಕಲಾಗುತ್ತದೆ. ಹದ ತಿಳಿಯುವುದು ಬಣ್ಣದಿಂದ ಮಾತ್ರ. ಕುಂಬಳದ ಹೂವಿನ ಬಣ್ಣಕ್ಕೆ ಬಂದರೆ ಸರಿ, ನಿಂಬೆ ಬಣ್ಣಕ್ಕೆ ತಿರುಗಿದರೆ ಹೊಟ್ಟು ಹಾಕುವ ಕೈ ತಡೆಯಬೇಕು ಎನ್ನುತ್ತಿದ್ದಳು. ಅವಳ ಕೆಲಸವೆಲ್ಲ ಕಣ್ಣಿನಲ್ಲಿತ್ತು.

ಅವಳ ಮನೆಗೆ ತಗಡಿನ ಸೂರು. ಬೇಸಿಗೆಯಲ್ಲಿ ಕಿಟಕಿ ಬಾಗಿಲು ತೆರೆದು ಗಾಳಿ ಆಡುತ್ತಿದ್ದರೂ ನೆತ್ತಿ ಸುಡುವಂಥ ಮನೆ. ಆದರೂ ನಾನು ಓದಲು ಅಲ್ಲಿಗೇ ಹೋಗುತ್ತಿದ್ದೆ, ಅಲ್ಲಿ ಯಾರೂ ಮಾತಾಡಿಸುತ್ತಿರಲಿಲ್ಲ. ಒಂದು ದಿನ ಹೋದಾಗ ಅವಳು ತಗಡಿನಿಂದ ಗೇಣು ಕೆಳಗೆ ಹಳೆಯ ನೂಲಿನ ಸೀರೆಗಳನ್ನು ಹಗ್ಗಕ್ಕೆ ಬಿಗಿದು ಕಟ್ಟುತ್ತಿದ್ದಳು. ಗೋಡೆಯ ತಲೆಯಲ್ಲಿ ಎರಡು ಇಟ್ಟಿಗೆ ಕಿತ್ತು ಕಿಂಡಿಯನ್ನೂ ಬಿಟ್ಟಿದ್ದಳು. ಎರಡೂ ಯಾಕೆ, ಒಂದು ಸಾಲದೇ ಎಂದು ಕೇಳಿದೆ.

“ಧಗೆ ಬ್ಯಾರೆ, ಝಳ ಬ್ಯಾರೆ. ಧಗೆ ಮ್ಯಾಲೆ ಏರ್ತೈತೆ, ಅದಕ್ಕ ದಾರಿ ಬಿಡಬೇಕು. ಝಳ ನೆಟ್ಟಗ ಬಂದು ಬಡೀತೈತೆ, ಅದಕ್ಕ ಮರೆ ಕಟ್ಟಬೇಕು. ನಿಮ್ ಕಾಲೇಜಾಗ ಇಷ್ಟೂ ಹೇಳಿಲ್ಲೇನು?”

ಹೇಳಿದ್ದರು. ಬಿಸಿಯಾದ ಗಾಳಿ ಹಗುರವಾಗಿ ಮೇಲೇರುವುದು ಉಷ್ಣ ಸಂವಹನ. ನಡುವೆ ಗಾಳಿಯ ಹಂಗಿಲ್ಲದೆ ನೇರವಾಗಿ ಬಂದು ತಾಗುವುದು ಉಷ್ಣ ವಿಕಿರಣ. ನಾನು ಆಗ ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದೆ. ಎರಡರ ವ್ಯತ್ಯಾಸವನ್ನು ನೀಟಾಗಿ ಬರೆಯಬಲ್ಲವಳಾಗಿದ್ದೆ.

ಭಟ್ಟಿಯ ಹೊಗೆ ಆಗ ಒಲೆಯ ಬಾಯಿಂದಲೇ ಹೊರಬರುತ್ತಿತ್ತು. ದೊಡ್ಡಮ್ಮ ಮುಖ ಓರೆ ಮಾಡಿ ಕೂರುತ್ತಿದ್ದಳು. ಹೊಟ್ಟು ಎಸೆಯುವಾಗಷ್ಟೇ ತಿರುಗಿ, ಒಂದು ಕ್ಷಣ ಕಣ್ಣು ಕಿರಿದು ಮಾಡಿ ಉರಿ ನೋಡಿ, ಮತ್ತೆ ಸೆರಗು ಅಡ್ಡ ಹಿಡಿಯುತ್ತಿದ್ದಳು. ಸಂಜೆ ಬಂದರೆ ಕಣ್ಣು ಕೆಂಪು, ಕೆಮ್ಮು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಒಲೆಯ ಹಿಂಬದಿಗೆ ಎತ್ತರದ ಹೊಗೆಗೂಡು ಕಟ್ಟಿದರೆ ಬಿಸಿ ಗಾಳಿ ಅದರಲ್ಲಿ ಏರುತ್ತ ಹೊಗೆಯನ್ನೂ ಎಳೆದುಕೊಂಡು ಹೋಗುತ್ತದೆ ಎಂದು ಕಾಗದದ ಮೇಲೆ ಚಿತ್ರ ಬರೆದು ಭಟ್ಟಿಯ ಯಜಮಾನರ ಬಳಿ ಹೋದೆ. ಹೆಚ್ಚು ಮಾತಾಡದ ನಾನು ಅಷ್ಟು ಮಾತಾಡಿದ್ದು ಅದೇ ಮೊದಲು.

ಯಜಮಾನರು ಚಿತ್ರವನ್ನು ಉಲ್ಟಾ ಹಿಡಿದು ನೋಡಿದರು. “ಏನವ್ವ ಮಾಸ್ತರಮ್ಮ, ನಮ್ಮ ಭಟ್ಟಿಗೂ ಪರೀಕ್ಷೆ ಇಟ್ಟೀಯೇನು?” ಎಂದರು. ಆದರೂ ಕಟ್ಟಿಸಿದರು.

ಮೊದಲ ದಿನ ಬೆಂಕಿ ಹಾಕಿದಾಗ ನಾನೂ ಹೋಗಿದ್ದೆ. ಹೊಗೆ ಒಮ್ಮೆ ಒಲೆಯ ಬಾಯಿಗೆ ಬಂದು, ಅನುಮಾನಿಸಿದಂತೆ ನಿಂತು, ಹಿಂದಕ್ಕೆ ಸರಿದು ಮೇಲೆ ಹೋಯಿತು. ಉರಿ ಹಿಂದೆಂದೂ ಇಲ್ಲದಷ್ಟು ಸ್ವಚ್ಛವಾಗಿ ಎದ್ದಿತು. ಬಾಗಿಲಿನಿಂದ ತಣ್ಣನೆಯ ಗಾಳಿ ಒಲೆಯ ಕಡೆಗೆ ಹರಿಯತೊಡಗಿತು. ದೊಡ್ಡಮ್ಮನ ಕುತ್ತಿಗೆಯ ಕೂದಲು ಅಲುಗುತ್ತಿತ್ತು. “ಬೆನ್ನಿಗೆ ಫ್ಯಾನ್ ಇಟ್ಟಂಗೈತೆ ನೋಡು” ಎಂದು ಅವಳು ಮಣೆಯನ್ನು ಒಂದು ಮೊಳ ಮುಂದಕ್ಕೆ ಎಳೆದುಕೊಂಡಳು. ಸೆರಗು ಕೆಳಗಿಟ್ಟಳು. ಕಣ್ಣು ಪೂರ್ತಿ ತೆರೆದು ಬೆಂಕಿಯನ್ನು ನೋಡಿದಳು. ನನಗೆ ಹೆಮ್ಮೆಯಾಯಿತು.

ಕೆಲವು ತಿಂಗಳ ಮೇಲೆ ಅವಳೇ ಒಮ್ಮೆ ಹೇಳಿದಳು, ಈಗ ಝಳ ಜಾಸ್ತಿ ಎಂದು. ಬಿಸಿಯೆಲ್ಲ ಗೂಡಿನಲ್ಲಿ ಮೇಲೆ ಹೋಗುತ್ತದಲ್ಲ ಎಂದೆ. ಅವಳು ವಾದಿಸಲಿಲ್ಲ. ಓದಿದ ಹುಡುಗಿ ಹೇಳಿದ ಮೇಲೆ ಮುಗಿಯಿತು... ಮತ್ತೊಮ್ಮೆ, ಬೀದಿದೀಪದ ಸುತ್ತ ಬಳೆ ಕಾಣುತ್ತದೆ, ಹಣೆ ನೋಯುತ್ತದೆ ಎಂದಳು. ಅಷ್ಟು ವರ್ಷದ ಹೊಗೆ ಕೂತ ಕಣ್ಣು, ಇನ್ನು ಹೊಗೆ ಇಲ್ಲವಲ್ಲ, ತಾನಾಗಿ ತಿಳಿಯಾಗುತ್ತದೆ ಎಂದು ನಾನು ಹೇಳಿದೆ. ಇದನ್ನು ನನಗೆ ಯಾವ ಪುಸ್ತಕವೂ ಹೇಳಿರಲಿಲ್ಲ. ನಾನೇ ಕಟ್ಟಿದ್ದು. ಆಸ್ಪತ್ರೆಗೆ ಹೋಗೆಂದು ಹೇಳಿದ ಭಟ್ಟಿಯವರಿಗೆಲ್ಲ ಅವಳು ಇದನ್ನೇ ಉತ್ತರವಾಗಿ ಕೊಟ್ಟಳು. ಒಂದು ವರ್ಷ ಕಾದಳು.

ಒಂದು ಬೆಳಿಗ್ಗೆ ಬಾಗಿಲ ಹೊಸ್ತಿಲು ಕಾಣದೆ ಬಿದ್ದಳು. ಆಗ ನಾನೇ ಆಟೋದಲ್ಲಿ ಕರೆದುಕೊಂಡು ಹೋದೆ. ಪೊರೆ ಬಲಿತು ಕಣ್ಣಿನೊಳಗೆ ಒತ್ತಡ ಏರಿದೆ, ನರ ಸತ್ತಿದೆ ಎಂದರು ವೈದ್ಯರು. ಬಲಗಣ್ಣು ಮುಗಿದಿತ್ತು. ಎಡಗಣ್ಣಿನಲ್ಲಿ ಬೆಳಕು ಕತ್ತಲೆಯಷ್ಟೇ ಉಳಿದಿತ್ತು. ಪೊರೆ ವಯಸ್ಸಿನಿಂದಲೂ ಬರುತ್ತದೆ, ಬೆಂಕಿಯ ಮುಂದೆ ಕೂರುವವರಿಗೆ ಬೇಗ ಬರುತ್ತದೆ, ಮೊದಲೇ ಆಸ್ಪತ್ರೆಗೆ ಬಂದಿದ್ದರೆ ತೆಗೆಯಬಹುದಿತ್ತು ಎಂದು ವಿವರಿಸಿದರು. ಬೆಂಕಿಗೂ ಕಣ್ಣಿಗೂ ನಡುವೆ ಏನಾದರೂ ಅಡ್ಡ ಇಡುತ್ತಿದ್ದೆಯಾ ಎಂದು ಅವಳನ್ನು ಕೇಳಿದರು.

“ಹೊಗೆನೇ ಇಲ್ರಿ ಸಾರ್ ನಮ್ಮ ಭಟ್ಟಿಯಾಗ. ನಮ್ಮ ಹುಡುಗಿ ತೆಗೆಸ್ಯಾಳೆ.”

ಅವಳು ಹೇಳಿದ ರೀತಿಯಲ್ಲಿ ಹೆಮ್ಮೆಯಿತ್ತು. ವೈದ್ಯರು ನನ್ನನ್ನು ನೋಡಿ ತಲೆಯಾಡಿಸಿದರು. ಮೆಚ್ಚುಗೆಯಿಂದಲೇ ಇರಬೇಕು. ಅಲ್ಲಿ ನಿಂತಲ್ಲೇ ನನಗೆ ಎಲ್ಲ ಒಂದಕ್ಕೊಂದು ಹೊಂದಿ ಅರ್ಥವಾಯಿತು. ನಾನು ಧಗೆಗೆ ದಾರಿ ಮಾಡಿದ್ದೆ. ಝಳಕ್ಕೆ ಮರೆ ಕಟ್ಟಿರಲಿಲ್ಲ. ಇದ್ದ ಮರೆಯನ್ನೂ, ಹೊಗೆಗೆ ಹೆದರಿ ಅವಳು ಹಿಡಿಯುತ್ತಿದ್ದ ಆ ಸೆರಗನ್ನೂ, ನಾನೇ ಇಳಿಸಿದ್ದೆ. ಔಷಧಿಯ ಚೀಟಿಯನ್ನು ನಾಲ್ಕಾಗಿ ಮಡಚುತ್ತ ನಿಂತಿದ್ದೆ.

ಅವಳನ್ನು ಅವಳ ತಂಗಿ ತನ್ನ ಊರು ಗುತ್ತೂರಿಗೆ ಕರೆದೊಯ್ದಳು. ನನಗೆ ಹರಿಹರದಲ್ಲಿ ಕೆಲಸ ಸಿಕ್ಕ ಮೇಲೆ ಅದು ಹತ್ತಿರವೇ ಆಯಿತು. ಆದರೂ ಹೋಗಿದ್ದು ಒಮ್ಮೆ. ಹೇಳಿಯೇ ಬಿಡಬೇಕೆಂದು ದಾರಿಯುದ್ದಕ್ಕೂ ವಾಕ್ಯಗಳನ್ನು ಜೋಡಿಸಿಕೊಂಡಿದ್ದೆ. ಅವಳು ಬಾಗಿಲಲ್ಲಿ ಎಳೆ ಬಿಸಿಲಿಗೆ ಮುಖವೊಡ್ಡಿ ಕುಳಿತಿದ್ದಳು. ನಾನು ಮುಂದೆ ನಿಂತ ಕೂಡಲೆ ಕೆನ್ನೆ ಮುಟ್ಟಿಕೊಂಡು, “ಬಿಸಿಲು ಹೋತು. ಯಾರು ಬಂದೋರು, ಕೂಡ್ರಿ” ಎಂದಳು. “ನಾನು, ದೊಡ್ಡಮ್ಮ” ಎಂದೆ. ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡಳು. ಬೇರೆ ಭಟ್ಟಿಯವರೂ ಹೊಗೆಗೂಡು ಕಟ್ಟಿಸಿದರೇ ಎಂದು ಕೇಳಿದಳು. ಇಬ್ಬರು ಕಟ್ಟಿಸಿದ್ದಾರೆ ಎಂದೆ.

“ನೋಡಿದೇನು. ನಿನ್ನಿಂದ ಎಷ್ಟು ಮಂದಿ ಕೆಮ್ಮು ನಿಂತೈತೆ.”

ನಾನು ಚಹಾ ಕುಡಿದು ಎದ್ದುಬಂದೆ. ಮುಂದಿನ ಸಲ ಹೇಳೋಣ ಎಂದುಕೊಂಡೆ... ಮಳೆಗಾಲ ಮುಗಿಯುವ ಮೊದಲು ಅವಳ ತಂಗಿಯ ಫೋನ್ ಬಂತು. ಜ್ವರ ಬಂದಿತ್ತಂತೆ, ಮೂರೇ ದಿನ, ಹೋಗಿಬಿಟ್ಟಳಂತೆ.

ಮರಳಿನ ವಾಸನೆ ಬಂದ ಮರುದಿನ ಕಪ್ಪು ಗಾಜಿನ ಕನ್ನಡಕವೊಂದನ್ನು ಕೊಂಡು ದಾವಣಗೆರೆಯ ಆ ಭಟ್ಟಿಗೆ ಹೋದೆ. ಒಲೆಯ ಬಾಯಿಗೆ ಈಗ ಬೇರೊಬ್ಬ ಹೆಂಗಸು, ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಝಳ ಕಣ್ಣಿನ ಒಳಗನ್ನು ಹೇಗೆ ಬೇಯಿಸುತ್ತದೆ ಎಂದು ಆದಷ್ಟು ಸರಳವಾಗಿ ಹೇಳಿದೆ. ಅವಳು ಕನ್ನಡಕ ಹಾಕಿಕೊಂಡು ಒಲೆಯೊಳಗೆ ನೋಡಿದಳು. ಮತ್ತೊಂದು ಹಿಡಿ ಹೊಟ್ಟು ಎಸೆದು ನೋಡಿದಳು. ಆಮೇಲೆ ತೆಗೆದು ನನ್ನ ಕೈಗಿಟ್ಟಳು.

“ಇದ್ರಾಗ ಉರಿ ಬಣ್ಣನೇ ತಿಳಿಯಂಗಿಲ್ಲಕ್ಕ. ಅಕ್ಕಿ ಕರಕಲು ಮಾಡಿದ್ರೆ ನಾಳಿಂದ ಬರಬ್ಯಾಡ ಅಂತಾರೆ.”

ಯಜಮಾನರು ಒಳಗಿನಿಂದಲೇ ನಕ್ಕರು. “ಹೊಗೆ ಇಲ್ಲ, ಏನಿಲ್ಲ. ಇನ್ನೇನಾಗ್ತೈತೆ ಕಣ್ಣಿಗೆ? ನೀನೇ ಹೇಳಿದ್ದಿಯಲ್ಲವ್ವ.”

ಹೌದು, ನಾನೇ ಹೇಳಿದ್ದೆ. ಆ ಒಂದು ಮಾತನ್ನು ಇಲ್ಲಿ ಎಲ್ಲರೂ ನಂಬಿದ್ದಾರೆ. ಅದು ತಪ್ಪೆಂದು ಮೊದಲು ತಿಳಿಯಬೇಕಿದ್ದವಳಿಗೆ ನಾನು ತಿಳಿಸಲಿಲ್ಲ. ಈಗ ತಿಳಿಸಿದರೆ ಕೇಳುವವರಿಲ್ಲ. ಕನ್ನಡಕವನ್ನು ಚೀಲದಲ್ಲಿಟ್ಟುಕೊಂಡು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತೆ. ಹೊರಗಿನ ಗಾಳಿ ನನ್ನನ್ನು ಹಾದು ಒಳಗೆ ಹರಿಯುತ್ತಿತ್ತು. ಆ ಹೆಂಗಸು ಸೆಕೆ ಕಳೆದ ಸುಖದಲ್ಲಿ ಬೆನ್ನು ಸಡಿಲಿಸಿ, ಮಣೆಯನ್ನು ಒಲೆಯ ಹತ್ತಿರಕ್ಕೆ ಜರುಗಿಸಿಕೊಂಡಳು.