ಕಟ್ಟೆಯ ಮೇಲೊಂದು ‘ಇಲ್ಲ’

ನಮ್ಮ ಬಸವನಗುಡಿಯಲ್ಲಿ ‘ಊಟ ಆಯ್ತಾ?’ ಎಂದು ಕೇಳುವವರಿಗೆ ನಿಮ್ಮ ಊಟದ ಬಗ್ಗೆ ಎಳ್ಳಷ್ಟೂ ಕುತೂಹಲವಿರುವುದಿಲ್ಲ. ನೀವೂ ಇದನ್ನು ಗಮನಿಸಿಯೇ ಇರುತ್ತೀರಿ. ಬೆಳಿಗ್ಗೆಯಾದರೆ ತಿಂಡಿ, ಮಧ್ಯಾಹ್ನವಾದರೆ ಊಟ, ಸಂಜೆಯಾದರೆ ಕಾಫಿ ಎಂದು ಪದಾರ್ಥವಷ್ಟೇ ಗಡಿಯಾರ ನೋಡಿಕೊಂಡು ಬದಲಾಗುತ್ತದೆಯೇ ಹೊರತು ಉತ್ತರ ಮೂರು ಹೊತ್ತೂ ಒಂದೇ: ‘ಆಯ್ತು, ನಿಮ್ದು?’ ಗಾಂಧಿ ಬಜಾರಿನ ಹೂವಿನಂಗಡಿಯ ಮುಂದೆ ಎದುರಾದ ಪರಿಚಿತರು ಹೀಗೆ ವಿಚಾರಿಸಿದಾಗ, ಹೊಟ್ಟೆ ಎಷ್ಟೇ ಚುರುಗುಟ್ಟುತ್ತಿದ್ದರೂ ‘ಆಯ್ತು’ ಎನ್ನುವುದೇ ಸಭ್ಯತೆ. ನಮಸ್ಕಾರವೇ ಪ್ರಶ್ನಾರ್ಥಕ ಚಿಹ್ನೆ ತೊಟ್ಟುಕೊಂಡು ಬಂದಿದೆಯೆಂದು ತಿಳಿದು ಮುಂದೆ ಹೋಗುವುದು ಕ್ಷೇಮ. ಇಷ್ಟೆಲ್ಲ ಬಲ್ಲ ನಾನೇ ಈ ಪ್ರಶ್ನೆಯಿಂದ ಪೇಚಿಗೆ ಸಿಕ್ಕಿಕೊಂಡ ಪ್ರಸಂಗವನ್ನು ನಿಮಗೆ ಹೇಳಬೇಕು.

ನಾನು ಒಂದು ಭಾರೀ ಸಾಫ್ಟ್‌ವೇರ್ ಕಂಪನಿಯ ನೌಕರ. ದೊಡ್ಡ ದೊಡ್ಡ ಕಾರ್ಖಾನೆಗಳ ಸಂಬಳ, ಸರಕು, ಸಾಗಣೆಗಳನ್ನು ನೋಡಿಕೊಳ್ಳುವ ತಂತ್ರಾಂಶ ನಮ್ಮದು; ಗಂಭೀರವೂ ಅಷ್ಟೇ ನೀರಸವೂ ಆದ ವ್ಯವಹಾರ. ಈಗ ನಮ್ಮಲ್ಲಿ ಬಹುಪಾಲು ಮಂದಿ ಮನೆಯಿಂದಲೇ ದುಡಿಯುವುದರಿಂದ ಒಬ್ಬರ ಮುಖ ಒಬ್ಬರಿಗೆ ಮರೆತುಹೋಗಿ, ಒಂದೇ ತೊಡಕನ್ನು ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ಜನ ಬಿಡಿಸುತ್ತ ಕೂರುವಂತಾಗಿತ್ತು. ಮೇಲಿನವರು ಯೋಚಿಸಿ, ಜನ ಮೊಬೈಲಿನಲ್ಲಿ ಮಾಡುವುದನ್ನೇ ಕಚೇರಿಗಾಗಿಯೂ ಮಾಡಲಿ ಎಂದು ತೀರ್ಮಾನಿಸಿದರು. ಕಂಪನಿಗೇ ಒಂದು ಸಾಮಾಜಿಕ ಜಾಲತಾಣ. ಅದರಲ್ಲಿ ಪೋಸ್ಟು, ಲೈಕು, ಕಾಮೆಂಟು, ಜೊತೆಗೆ ಯಾರು ಯಾವ ಭಾಷೆಯಲ್ಲಿ ಬರೆದರೂ ಓದುವವರ ಭಾಷೆಗೆ ತಿರುಗಿಸಿಕೊಡುವ ಯಂತ್ರ. ನಾನು ಅಷ್ಟು ವರ್ಷ ಸಾಕಿದ್ದ ತಂತ್ರಾಂಶವನ್ನು ಕಂಪನಿ ಮಾರುವುದನ್ನೇ ಬಿಟ್ಟಿತ್ತಾದ್ದರಿಂದ, ಐವತ್ತು ದಾಟಿದ ಪ್ರಾಯದಲ್ಲಿ ಹೊಸ ತಂತ್ರಜ್ಞಾನದ ಹರಿಕಾರನಾಗದೆ ನನಗೆ ಗತ್ಯಂತರವಿರಲಿಲ್ಲ. ತಾಣ ಕಟ್ಟುವ ಹೊಣೆ ನನ್ನ ತಲೆಗೇ ಬಂತು; ಅದಕ್ಕೆ ‘ಕಟ್ಟೆ’ ಎಂದು ಹೆಸರಿಟ್ಟೆ. ಅರಳಿಕಟ್ಟೆಯಲ್ಲಿ ಕೂತ ಹಾಗೆ ಜನ ಬಂದು ಕೂರುತ್ತಾರೆಂಬ ಭ್ರಮೆ.

ಯಾರೂ ಬರಲಿಲ್ಲ. ಕಟ್ಟೆ ಕಟ್ಟಿದವನೇ ಕಟ್ಟೆ ಕಾಯುವವನೂ ಆದೆ. ನನ್ನ ಪೋಸ್ಟಿಗೆ ನಾನೇ ಲೈಕ್ ಒತ್ತಿಕೊಳ್ಳುವಷ್ಟು ನಿರ್ಲಜ್ಜನೂ ಆದೆ. ನಮ್ಮಲ್ಲಿ ಲೈಕ್ ಒತ್ತುವುದಕ್ಕೂ ಒಂದು ಲಾಯಕ್ಕು ಬೇಕು. ಮೇಲಧಿಕಾರಿ ಮೆಚ್ಚುವ ಮೊದಲೇ ಮೆಚ್ಚಿಬಿಟ್ಟರೆ ಅಧಿಕಪ್ರಸಂಗ. ಪಕ್ಕದ ವಿಭಾಗದ ಗೋಪಿನಾಥನನ್ನು, ಏನಾದರೂ ಬರೆಯೋ ಮಾರಾಯ ಎಂದು ಅಂಗಲಾಚಿದೆ. ‘ಬರೆದ್ರೆ ಎಲ್ರೂ ನೋಡ್ತಾರಲ್ಲ ಸಾರ್’ ಎಂದ. ಎಲ್ಲರೂ ನೋಡಲಿ ಎಂದೇ ಅಲ್ಲವೇ ಅದಿರುವುದು ಎಂದೆ. ‘ಅದಕ್ಕೇ ಬರೆಯಲ್ಲ’ ಎಂದು ಫೋನಿಟ್ಟ.

ನನ್ನ ಮೇಲಧಿಕಾರಿ ಅನಸೂಯಾ ಮೇಡಂ ಚಾಮರಾಜಪೇಟೆಯವರು, ನನಗಿಂತ ನಾಲ್ಕಾರು ವರ್ಷ ಚಿಕ್ಕವರು. ಪ್ರಶ್ನೆ ಕೇಳುವ ಅಭ್ಯಾಸವಿಲ್ಲ, ಹೇಳುವುದು ಮಾತ್ರ. ‘ಶುಕ್ರವಾರ ಪರಿಶೀಲನೆ ಇದೆ. ಅಷ್ಟರಲ್ಲಿ ಜನ ಬರ್ಲಿಲ್ಲ ಅಂದ್ರೆ ಕಟ್ಟೆ ಮುಚ್ಚಿಬಿಡ್ತಾರೆ. ಆಮೇಲೆ ನಿಮ್ಮನ್ನ ಎಲ್ಲಿ ಕೂರಿಸ್ಬೇಕೋ ನಂಗೊತ್ತಿಲ್ಲ’ ಎಂದರು. ಕಂಪನಿಯ ಭಾಷೆಯಲ್ಲಿ, ಕೂರಿಸಲು ಜಾಗವಿಲ್ಲದವರು ಎದ್ದು ಹೋಗಬೇಕೆಂದು ಅರ್ಥ. ನನಗೆ ಭಯವಾಯಿತು.

ಗುರುವಾರ ಮಧ್ಯಾಹ್ನ ಮನೆಯಲ್ಲಿ ಒಬ್ಬನೇ ಇದ್ದೆ. ನನ್ನಾಕೆ ವಿಮಲಾ ಮಲ್ಲೇಶ್ವರದ ತಂಗಿಯ ಮನೆಗೆ ಹೋಗಿದ್ದಳು. ಅವಳಿಗೆ ದಿನದಂತೆ ‘ಊಟ ಆಯ್ತಾ?’ ಎಂದು ಕಳಿಸಿ ಕರ್ತವ್ಯಮುಕ್ತನಾದೆ. ಎರಡು ನಿಮಿಷಕ್ಕೆ ಮೊಬೈಲು ಟಿಂಗ್ ಎಂದಿತು, ಮತ್ತೆ ಟಿಂಗ್, ಆಮೇಲೆ ನಿಲ್ಲಲೇ ಇಲ್ಲ. ನೋಡಿದರೆ, ವಿಮಲೆಯನ್ನು ಕೇಳಬೇಕಾದದ್ದನ್ನು ಕಟ್ಟೆಯ ಮೇಲೆ ಇಡೀ ಕಂಪನಿಯನ್ನೇ ಕೇಳಿಬಿಟ್ಟಿದ್ದೆ.

ಅಳಿಸೋಣವೆಂದರೆ ಆಗಲೇ ಉತ್ತರಗಳ ಜಾತ್ರೆ. ‘ಆಯ್ತು ಸಾರ್, ನಿಮ್ದು?’ ‘ಊಟ ಆತ್ರಿ, ನಿಮ್ದಾತ್ರಿ?’ ‘ಈಗ ತಾನೇ ಆಯ್ತು ಗುರುಗಳೇ.’ ಕನ್ನಡದವರೆಂದು ಯಾರಿಗೂ ಗೊತ್ತೇ ಇರದಿದ್ದವರು ಎಲ್ಲೆಲ್ಲಿಂದಲೋ ಎದ್ದು ಬಂದರು. ಯಂತ್ರವು ನನ್ನ ವಾಕ್ಯವನ್ನು ಊಟ ಸಂಭವಿಸಿತೇ ಎಂಬರ್ಥದಲ್ಲಿ ತಿರುಗಿಸಿದ್ದರಿಂದ, ವಿದೇಶದ ಕಚೇರಿಯವರೊಬ್ಬರು ಯಾವ ಊಟ, ನಮಗೇಕೆ ತಿಳಿಸಲಿಲ್ಲವೆಂದು ನೊಂದುಕೊಂಡರು. ಕ್ಯಾಂಟೀನಿನವರು, ಇವತ್ತು ಸ್ವಲ್ಪ ತಡವಾಯಿತು, ಕ್ಷಮಿಸಿ ಎಂದು ಬರೆದರು. ಗೋಪಿನಾಥನೂ ‘ಆಯ್ತು’ ಎಂದು ಬರೆದ, ಎಲ್ಲರೂ ನೋಡುವ ಹಾಗೆ. ಅದನ್ನು ಓದಿ ನಾನು ನಗುತ್ತಿದ್ದಾಗ ಒಂದು ಉತ್ತರ ಬಂತು: ‘ಇಲ್ಲ. ನಾಲ್ಕು ದಿನದಿಂದ ಸರಿಯಾಗಿ ಆಗಿಲ್ಲ.’

ಬರೆದವಳು ಶಾಂತಲಾ. ಶೇಷಾದ್ರಿಪುರಂನ ಮನೆಯಿಂದ ಕೆಲಸ ಮಾಡುವ, ನನ್ನದೇ ತಂಡದ ಹುಡುಗಿ. ಅದರ ಕೆಳಗೆ ಯಾರೂ ಏನೂ ಬರೆಯಲಿಲ್ಲ. ಅಷ್ಟು ಹೊತ್ತು ಗಿಜಿಗುಟ್ಟುತ್ತಿದ್ದ ಕಟ್ಟೆ ಗಪ್‌ಚಿಪ್. ಮೇಡಂ ಫೋನು ಬಂತು. ‘ರೀ, ಆ ಇಲ್ಲ ಅನ್ನೋದನ್ನ ತೆಗೆದುಬಿಡಿ. ನಾಳೆ ಮೇಲಿನವರು ಕಟ್ಟೆ ತೆರೆದು ನೋಡ್ತಾರೆ. ನಮ್ಮವರು ಊಟ ಇಲ್ದೆ ಇದಾರೆ ಅಂತ ಓದಿದ್ರೆ ಚೆನ್ನಾಗಿರಲ್ಲ. ನಿಮಗೇ ತೊಂದ್ರೆ.’ ಅವರು ಹೇಳಿದ್ದು ಸುಳ್ಳಲ್ಲ. ಒಂದು ಗುಂಡಿ ಒತ್ತಿದ್ದರೆ ನಾಳೆಗೆ ಕಟ್ಟೆಯೂ ನಾನೂ ಕ್ಷೇಮ. ಆದರೆ ಕುತೂಹಲ ಕೆಟ್ಟದ್ದು ನೋಡಿ. ಮೊದಲು ಶಾಂತಲಾಗೆ ಫೋನ್ ಮಾಡಿದೆ.

‘ಅಯ್ಯೋ, ಅಂಥದ್ದೇನಿಲ್ಲ ಸರ್’ ಎಂದಳು. ‘ಅಕ್ಕನ ಮದುವೆ ಆಯ್ತಲ್ಲ, ಅವಳು ಹೋದಳು. ಒಬ್ಬಳಿಗೇ ಅಂತ ಕುಕ್ಕರ್ ಇಡೋಕೆ ಮನಸ್ಸೇ ಬರಲ್ಲ. ಬಿಸ್ಕತ್ತು, ಬಾಳೆಹಣ್ಣು ಹೀಗೇ ನಡೀತಿದೆ.’

ನಾನು ಸ್ವಲ್ಪ ಬಿಗುಮಾನದಿಂದಲೇ, ದಿನಾ ಫೋನಿನಲ್ಲಿ ಕೇಳುತ್ತಿದ್ದೆನಲ್ಲ, ನನಗೇ ಹೇಳಬಹುದಿತ್ತಲ್ಲವೇ ಎಂದೆ.

ಅವಳು ನಕ್ಕಳು. ‘ನೀವು “ಊಟ ಆಯ್ತಾ, ಸರಿ” ಅಂತ ಒಂದೇ ಉಸಿರಲ್ಲಿ ಅಂತೀರ ಸರ್. ನೀವೇ ಸರಿ ಅಂದ್ಮೇಲೆ ನಾನೇನು ಹೇಳ್ಲಿ? ಕಟ್ಟೆ ಮೇಲೆ ಆ “ಸರಿ” ಇರ್ಲಿಲ್ಲ.’

ನನಗೆ ಪಿಚ್ಚೆನಿಸಿತು. ಜೊತೆಗೆ, ಆ ತಾಣವನ್ನು ವಿವರಿಸಲು ನಾನು ಬರೆದಿದ್ದ ಉದ್ದುದ್ದ ಟಿಪ್ಪಣಿಗಳಲ್ಲೆಲ್ಲೂ ಇಲ್ಲದ ವಿಷಯ ಇವಳ ಒಂದು ಮಾತಿನಲ್ಲಿತ್ತೆಂದು ಸಂತೋಷವೂ ಆಯಿತು. ಬಾಯಿಂದ ಕೇಳಿದವನು ಕೇಳುತ್ತಲೇ ನಡೆದುಬಿಡುತ್ತಾನೆ. ಬರೆದ ಪ್ರಶ್ನೆ, ಅದೂ ತಪ್ಪಿ ಬರೆದದ್ದು, ಇದ್ದಲ್ಲೇ ಇದ್ದು ಉತ್ತರಕ್ಕಾಗಿ ಕಾಯುತ್ತದೆ. ಇದನ್ನು ಅಳಿಸುವುದು ನನ್ನಿಂದಾಗಲಿಲ್ಲ. ಮೇಡಂಗೆ ‘ತೆಗೆಯಲ್ಲ ಮೇಡಂ’ ಎಂದಷ್ಟೇ ಹೇಳಿದೆ. ಅವರು ಫೋನಿಟ್ಟರು.

ಸಂಜೆಯ ಹೊತ್ತಿಗೆ ಶಾಂತಲಾಳ ‘ಇಲ್ಲ’ದ ಕೆಳಗೆ ಯಾರೋ ಧೈರ್ಯ ಮಾಡಿದರು. ‘ನಾನು ನಿಮ್ಮ ಹಿಂದಿನ ರಸ್ತೆಯಲ್ಲೇ ಇದೀನಿ, ನಾಳೆ ಡಬ್ಬಿ ತಗೊಂಡು ಬರ್ಲಾ?’ ಎಂದು ಒಬ್ಬಾಕೆ. ನಾನೂ ಸೇರ್ಕೊಳ್ತೀನಿ ಎಂದು ಮಲ್ಲೇಶ್ವರದಿಂದ ಇನ್ನೊಬ್ಬರು. ಶುಕ್ರವಾರ ಬೆಳಿಗ್ಗೆ, ಪರಿಶೀಲನೆಗೆ ಮುಂಚೆ, ಕೊನೆಯದಾಗಿ ಒಮ್ಮೆ ನೋಡೋಣವೆಂದು ಕಟ್ಟೆ ತೆರೆದೆ. ಎಲ್ಲರಿಗಿಂತ ಕೆಳಗೆ ಹೊಸದೊಂದು ಸಾಲಿತ್ತು: ‘ನನ್ನದೂ ಆಗಿಲ್ಲ.’ ಬರೆದವರ ಹೆಸರು ಅನಸೂಯಾ.

ಸಭೆಯಲ್ಲಿ ಮೇಲಿನವರು ಶಾಂತಲಾಳ ‘ಇಲ್ಲ’ದ ಮೇಲೇ ಬೆರಳಿಟ್ಟು, ಇದರಿಂದ ಕಂಪನಿಗೇನು ಪ್ರಯೋಜನವೆಂದು ಕೇಳಿದರು. ನಾನು ತೊದಲುವಷ್ಟರಲ್ಲಿ ಮೇಡಂ, ಇದನ್ನು ಅಳಿಸಲು ಹೇಳಿದವಳು ನಾನೇ, ಇವರು ಅಳಿಸದಿದ್ದದ್ದು ಒಳ್ಳೆಯದಾಯಿತು, ಇನ್ನಾರು ತಿಂಗಳು ಕಟ್ಟೆಯನ್ನು ಮುಟ್ಟಬೇಡಿ ಎಂದು ನೆಟ್ಟಗೆ ಹೇಳಿದರು. ಕಟ್ಟೆ ಉಳಿಯಿತು. ನಾನೂ ಉಳಿದೆ.

ಮಧ್ಯಾಹ್ನ ಅವರಿಗೆ ಫೋನ್ ಮಾಡಿ, ‘ಊಟ ಆಯ್ತಾ ಮೇಡಂ?’ ಎಂದೆ. ನಾಲಿಗೆಯ ತುದಿಗೆ ಬಂದ ‘ಸರಿ’ಯನ್ನು ನುಂಗಿಕೊಂಡೆ.

‘ಇಲ್ಲ ರೀ.’

‘ಹಾಗಾದ್ರೆ ನಮ್ಮನೆಗೆ ಬನ್ನಿ. ವಿಮಲಾ ಸಂಜೆ ಬರ್ತಾಳೆ. ಈಗ ನನ್ನದೇ ಅಡುಗೆ. ಅನ್ನ, ತಿಳಿಸಾರು, ಹಪ್ಪಳ ಅಷ್ಟೇ.’

‘ಹಪ್ಪಳ ಸುಟ್ಟಿದ್ದಾ, ಕರಿದದ್ದಾ?’ ಎಂದು ಕೇಳಿದರು. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ ಪ್ರಶ್ನೆ ಅದು.